ಪತ್ತನಾಜೆಯ ಗಡುವು: ಕರಾವಳಿಯ ಕಲ್ಲುಕೋರೆ ಕಾರ್ಮಿಕರಿಗೆ ಪರಿಸರ ರಕ್ಷಣೆಯ ಸಮಗ್ರ ಮಾರ್ಗದರ್ಶಿ

ಬಳ್ಳಾರಿ ಕಡೆಯ ಗಣಿಯಲ್ಲಿ ಪರಿಸರ ಎಂದರೆ ಮೊದಲು ಧೂಳಿನ ಮಾತು. ದಕ್ಷಿಣ ಕನ್ನಡ, ಉಡುಪಿಯ ಕೋರೆಗಳಲ್ಲಿ ಮೊದಲು ನೀರಿನ ಮಾತು. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಊರು ಇದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಕೋರೆ ಇರುವುದು ಪದವಿನ (ಎತ್ತರದ ಬಯಲು ನೆಲದ) ಮೇಲೆ ಅಥವಾ ಗುಡ್ಡೆಯ ನೆತ್ತಿಯಲ್ಲಿ. ಅದರ ಕೆಳಗೆ ಬೆಟ್ಟು ಗದ್ದೆ, ಆಮೇಲೆ ಮಜಲು, ಕೊನೆಗೆ ಬೈಲು, ಬೈಲಿನ ನಡುವೆ ತೋಡು, ಅಂದರೆ ಸಣ್ಣ ಹಳ್ಳ. ಮೇಲೆ ನಾವು ಸಡಿಲ ಬಿಟ್ಟ ಪ್ರತಿ ಬುಟ್ಟಿ ಮಣ್ಣು ಮಳೆಗಾಲ ಮುಗಿಯುವುದರೊಳಗೆ ಯಾರದೋ ನೇಜಿಯ (ಭತ್ತದ ಸಸಿಯ) ಮೇಲೆ ಕೂತಿರುತ್ತದೆ.

ಆದ್ದರಿಂದ ಇಲ್ಲಿಯ ಕೋರೆ ಕೆಲಸಗಾರನ ಪರಿಸರ ಹೊಣೆಗೆ ಒಂದು ಗಡುವಿದೆ: ಪತ್ತನಾಜೆ, ಅಂದರೆ ಮಳೆಗಾಲಕ್ಕೆ ಮುಂಚೆ ಮೇ 24ರ ಸುಮಾರಿಗೆ ಬರುವ ತುಳುವರ ಕಟ್ಟಳೆಯ ದಿನ. ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಕೋರೆಯ ಕಣಿ (ನೀರು ಹರಿಯುವ ಚರಂಡಿ), ಹೂಳುಗುಂಡಿ (ಕೆಂಪುನೀರಿನ ಮಣ್ಣು ತಳಕ್ಕಿಳಿಯಲು ತೆಗೆದ ಗುಂಡಿ), ಡೀಸೆಲ್ ಶೆಡ್ ಎಲ್ಲವೂ ಸಿದ್ಧವಿರಬೇಕು. ಮಳೆ ಹಿಡಿದ ಮೇಲೆ ಹಿಟಾಚಿ ಇಳಿಸಿ ಕಣಿ ತೋಡಹೊರಟರೆ ಅದೇ ಕೆಲಸದಿಂದ ಇನ್ನಷ್ಟು ಮಣ್ಣು ಸಡಿಲವಾಗುತ್ತದೆ. ಕಾಗದದ ಲೆಕ್ಕಕ್ಕೂ ಇದು ಹೊಂದುತ್ತದೆ: ಪರಿಸರ ಅನುಮತಿ ಪಡೆದವರು ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿ ಕೊಡಬೇಕಾದ ದಿನಗಳು ಜೂನ್ 1 ಮತ್ತು ಡಿಸೆಂಬರ್ 1.

ಕೋರೆಯ ಪದರ ಗುರುತಿಸಿ

ಕೆಂಪುಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಕೇರಳದ ಅಂಗಾಡಿಪುರಂನ ಕಲ್ಲನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ. ನೆಲದಲ್ಲಿದ್ದಾಗ ಕತ್ತಿಗೆ ಮಣಿಯುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಯಂತೆ ಗಟ್ಟಿ ಎನ್ನುವುದು ಅವನ ಗಮನಕ್ಕೆ ಬಂದ ಗುಣ. ನಮ್ಮ ಪದರಗಳು ಮೇಲಿನಿಂದ ಹೀಗಿವೆ: ತೆಳ್ಳಗಿನ ಮೇಲ್ಮಣ್ಣು, ಗಟ್ಟಿ ಪಾರೆ (ಹಾಸುಬಂಡೆ), ತೂತು ತೂತಾದ ಕೆಂಪುಕಲ್ಲು, ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು, ಎಲ್ಲಕ್ಕಿಂತ ಕೆಳಗೆ ಕಗ್ಗಲ್ಲು.

ಇದರಲ್ಲಿ ಅಪಾಯ ಶೇಡಿಯದ್ದು. ಎರಡು ಗಾಜಿನ ಲೋಟಕ್ಕೆ ನೀರು ತುಂಬಿ, ಒಂದಕ್ಕೆ ನಿಂಬೆಗಾತ್ರದ ಕೆಂಪುಕಲ್ಲಿನ ಚೂರು, ಇನ್ನೊಂದಕ್ಕೆ ಅಷ್ಟೇ ದೊಡ್ಡ ಒಣ ಶೇಡಿ ಹೆಂಟೆ ಹಾಕಿ ನೋಡಿ. ಕೆಂಪುಕಲ್ಲು ನಾಲ್ಕು ಗುಳ್ಳೆ ಬಿಟ್ಟು ಸುಮ್ಮನೆ ಕೂರುತ್ತದೆ. ಶೇಡಿ ಹೆಂಟೆಯ ಅಂಚು ನೋಡನೋಡುತ್ತಲೇ ಉದುರತೊಡಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೆಂಟೆಯೇ ಕುಸಿದು ಗುಪ್ಪೆಯಾಗುತ್ತದೆ, ಲೋಟದ ನೀರು ಅಕ್ಕಿ ತೊಳೆದ ನೀರಿನಂತಾಗುತ್ತದೆ. ಮರುದಿನ ಬೆಳಿಗ್ಗೆ ನೋಡಿದರೂ ತಿಳಿಯಾಗಿರುವುದಿಲ್ಲ. ಕೋರೆಯ ತಳದಲ್ಲಿ ಶೇಡಿ ತೆರೆದಿಟ್ಟರೆ ಇಡೀ ಗುಂಡಿಯಲ್ಲಿ ಇದೇ ನಡೆಯುತ್ತದೆ. ಬದಿಯಲ್ಲಿ ತೆರೆದಿಟ್ಟರೆ ಬುಡ ಕರಗಿ ಮೇಲಿನ ಗಟ್ಟಿ ಕಲ್ಲು ಚಪ್ಪಡಿಯಾಗಿ ಜಾರುತ್ತದೆ.

ಹಾಗಾಗಿ ಶೇಡಿಗೆ ಒಂದು ಮೀಟರ್ ಇರುವಾಗಲೇ ಕತ್ತರಿಸುವುದನ್ನು ನಿಲ್ಲಿಸಿ. ಗೊತ್ತಾಗುವುದು ಹೇಗೆ? ಕಲ್ಲಿನಲ್ಲಿ ಹಳದಿ, ಬಿಳಿ ಕಲೆ ಹೆಚ್ಚುತ್ತದೆ. ಮೆಷಿನ್ ಬ್ಲೇಡಿನ ಸದ್ದು ಮೆತ್ತಗಾಗುತ್ತದೆ. ಕಲ್ಲು ಎಬ್ಬಿಸುವಾಗ ಮೂಲೆ ಮುರಿಯುತ್ತದೆ. ಈ ಮೂರನ್ನು ಮೊದಲು ಕಾಣುವವನು ಮೆಷಿನ್ ಹಿಡಿದವನು, ಲೆಕ್ಕ ಬರೆಯುವ ರೈಟರ್ ಅಲ್ಲ. ಅನುಮಾನ ಬಂದರೆ ಕಂಬಿಯಿಂದ ಒಂದು ಮೀಟರ್ ಆಳದ ತೂತು ಹೊಡೆದು ತುದಿಗೆ ಏನು ಅಂಟಿತು ನೋಡಿ. ಆ ಕೊನೆಯ ಮೀಟರ್ ಕಲ್ಲು ಹೇಗೂ ಗೋಡೆಗೆ ಬಾರದ ಮಾಲು.

ಗಡಿ ಕಲ್ಲು, 7.5 ಮೀಟರ್ ಪಟ್ಟಿ

ಕೆಲಸಕ್ಕೆ ಸೇರಿದ ದಿನವೇ ಮೇಸ್ತ್ರಿಯ ಜೊತೆ ಗುತ್ತಿಗೆ ಜಾಗದ ಗಡಿ ಸುತ್ತಿ ಬನ್ನಿ. ಗಡಿಯಿಂದ ಒಳಕ್ಕೆ 7.5 ಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸದೆ ಬಿಡಬೇಕು. ಅದು ಮರ ಬೆಳೆಸುವ ಜಾಗ, ಕಣಿ ತೆಗೆಯುವ ಜಾಗ, ಪಕ್ಕದವರ ಆವರಣ ಗೋಡೆ ಉಳಿಸುವ ಜಾಗ. ಇಪ್ಪತ್ತು ಮೀಟರಿಗೊಂದು ಗೂಟ ಹೊಡೆದು ತಲೆಗೆ ಬಿಳಿ ಬಣ್ಣ ಬಳಿಯಿರಿ. ಗೂಟ ಇಲ್ಲದ ಕೋರೆಯಲ್ಲಿ ಈ ಪಟ್ಟಿ ವರ್ಷಕ್ಕೆ ಒಂದು ಸಾಲು ಕಲ್ಲಿನಷ್ಟು ಸವೆಯುತ್ತದೆ, ಯಾರೂ ಬೇಕೆಂದು ಮಾಡಿದ್ದಲ್ಲ ಎನ್ನುತ್ತಾರೆ.

ಬದಿಯನ್ನು ಮೆಟ್ಟಿಲಾಗಿ ಇಳಿಸಬೇಕು. ಗಟ್ಟಿ ನೆಲದಲ್ಲೂ ಒಂದು ಮೆಟ್ಟಿಲಿನ ಎತ್ತರ 6 ಮೀಟರ್ ದಾಟಬಾರದು. ಸಡಿಲ ಮಣ್ಣಿನಲ್ಲಿ 1.5 ಮೀಟರ್, ಅಗಲವೂ ಅಷ್ಟೇ. ಬುಡ ಕೊರೆದು ಮೇಲ್ಭಾಗ ಚಾಚಿ ನಿಲ್ಲಿಸುವುದಂತೂ ಕೂಡದು.

ಮೇಲ್ಮಣ್ಣು

ಪದವಿನ ಮೇಲೆ ಮಣ್ಣಿರುವುದೇ ಒಂದು ಗೇಣು. 20 ಸೆಂ.ಮೀ. ಎಂದು ಹಿಡಿದರೂ ಒಂದು ಎಕರೆಗೆ ಸುಮಾರು 800 ಘನ ಮೀಟರ್ ಆಗುತ್ತದೆ. ಕೋರೆ ಮುಚ್ಚುವ ದಿನ ಇದಿಲ್ಲದೆ ಒಂದು ಗಿಡವೂ ಬದುಕದು. ಬೇಸಿಗೆಯಲ್ಲಿ, ಒಣಗಿದ್ದಾಗ ಕೆರೆದು ತೆಗೆಯಿರಿ. ಹಸಿಯಾಗಿದ್ದಾಗ ಬಕೆಟ್ ಹಾಕಿದರೆ ಮಣ್ಣು ಒತ್ತಿ ಗಟ್ಟಿಯಾಗಿ ಗಾಳಿಯಾಡುವುದಿಲ್ಲ. ರಾಶಿಯ ಎತ್ತರ 2 ಮೀಟರ್ ಒಳಗಿರಲಿ, ಇಳಿಜಾರು ಅಗಲ ಎರಡಕ್ಕೆ ಎತ್ತರ ಒಂದು. ಸುತ್ತ ಒಂದು ಸಾಲು ಲಾವಂಚ ನೆಟ್ಟರೆ ಸಾಕು, ಬೇರು ಆಳಕ್ಕಿಳಿದು ರಾಶಿಯ ಬುಡ ಹಿಡಿಯುತ್ತದೆ. ಕಲ್ಲಿನ ಚೂರನ್ನು ಇದೇ ರಾಶಿಗೆ ಸುರಿಯುವುದು ಎಲ್ಲೆಲ್ಲೂ ಕಾಣುವ ತಪ್ಪು; ಬೆರೆತ ಮೇಲೆ ಬೇರ್ಪಡಿಸಲು ಆಗದು. ಎರಡಕ್ಕೂ ಬೇರೆ ಬೇರೆ ಜಾಗ, ನಡುವೆ ಟಿಪ್ಪರ್ ತಿರುಗುವಷ್ಟು ಅಂತರ ಇರಲಿ.

ಕಣಿ ಮತ್ತು ಹೂಳುಗುಂಡಿ

ಇಲ್ಲಿ ಎರಡು ನೀರುಗಳಿವೆ, ಅವನ್ನು ಬೆರೆಸಬಾರದು. ಗುಡ್ಡೆಯ ಮೇಲಿನಿಂದ ಬರುವ ತಿಳಿನೀರನ್ನು ಕೋರೆಗೆ ಇಳಿಯಲು ಬಿಡದೆ ಸುತ್ತು ಕಣಿಯಲ್ಲಿ ಹಾಯಿಸಿ ತೋಡಿಗೆ ಬಿಡಬೇಕು. ಕೋರೆಯೊಳಗೆ ಬಿದ್ದ ಕೆಂಪುನೀರನ್ನು ಮಾತ್ರ ಹೂಳುಗುಂಡಿಗೆ ಕಳಿಸಬೇಕು. ಎರಡೂ ಬೆರೆತರೆ ಎಷ್ಟು ದೊಡ್ಡ ಗುಂಡಿಯೂ ಸಾಲದು.

ಸುತ್ತು ಕಣಿ ತೆಗೆಯುವ ಕ್ರಮ:

1. ನೀರಿನ ಟ್ಯೂಬ್ ಹಿಡಿದು 100 ಮೀಟರಿಗೆ 1 ಮೀಟರ್ ಇಳಿತ ಬರುವಂತೆ ಗೂಟ ಗುರುತು ಮಾಡಿ. ಕಣ್ಣಂದಾಜು ಬೇಡ, ಮಟ್ಟ ತಪ್ಪಿದಲ್ಲಿ ನೀರು ನಿಂತು, ಅಲ್ಲಿಂದಲೇ ದಂಡೆ ಒಡೆದು ಕೋರೆಗೆ ನುಗ್ಗುತ್ತದೆ.

2. ತಳ 60 ಸೆಂ.ಮೀ., ಆಳ 60 ಸೆಂ.ಮೀ., ಬಾಯಿ 120 ಸೆಂ.ಮೀ. ಇರಲಿ. ನೆಟ್ಟಗೆ ಕಡಿದ ಬದಿ ಮೊದಲ ಮಳೆಗೇ ಕುಸಿಯುತ್ತದೆ.

3. ಅಗೆದ ಮಣ್ಣನ್ನು ಕೋರೆಯ ಬದಿಗೆ ಹಾಕಿ ದಂಡೆ ಕಟ್ಟಿ, ಹದ ನೀರು ಚಿಮುಕಿಸಿ ಗುದ್ದಿ ಗಟ್ಟಿ ಮಾಡಿ.

4. ವೇಗ ಮುರಿಯಲು 30 ಸೆಂ.ಮೀ. ಎತ್ತರದ ಕಾಡುಕಲ್ಲಿನ ತಡೆ ಕಟ್ಟಿ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡಕ್ಕೆ ಸಮ ಇರಬೇಕು. ಮೇಲೆ ಹೇಳಿದ ಇಳಿತಕ್ಕೆ ಇದು 30 ಮೀಟರಿಗೊಂದು ಬರುತ್ತದೆ.

5. ತಡೆಯ ನಡುಭಾಗ ಬದಿಗಳಿಗಿಂತ 10–15 ಸೆಂ.ಮೀ. ತಗ್ಗಿರಲಿ. ಇದನ್ನು ಮರೆತರೆ ನೀರು ತಡೆಯ ಮೇಲಿಂದ ಹೋಗದೆ ಪಕ್ಕದ ಮಣ್ಣು ಕೊರೆದುಕೊಂಡು ಹೋಗುತ್ತದೆ. ಜೂನ್ ಕೊನೆಗೆ ನೋಡಿದರೆ ತಡೆ ಒಂಟಿಯಾಗಿ ನಿಂತಿರುತ್ತದೆ, ಕಣಿ ಅದರ ಪಕ್ಕದಲ್ಲಿ ಹರಿಯುತ್ತಿರುತ್ತದೆ.

ಇನ್ನು ಹೂಳುಗುಂಡಿಯ ಲೆಕ್ಕ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಹೊಡೆದರೆ ಬೀಳುವ ನೀರು 200 ಘನ ಮೀಟರ್. ಐದರಲ್ಲಿ ನಾಲ್ಕು ಪಾಲು ಹರಿದರೂ 160 ಘನ ಮೀಟರ್, ಅಂದರೆ 1.6 ಲಕ್ಷ ಲೀಟರ್. ಆದ್ದರಿಂದ ಎಕರೆಗೆ 12 ಮೀಟರ್ ಉದ್ದ, 5 ಮೀಟರ್ ಅಗಲ, 1.5 ಮೀಟರ್ ಆಳದ ಎರಡು ಗುಂಡಿ ಒಂದರ ಹಿಂದೆ ಒಂದು ಬೇಕು. ಎರಡೂ ಸೇರಿ 180 ಘನ ಮೀಟರ್ ಹಿಡಿಯುತ್ತವೆ. ನೀರು ಒಳಬರುವ ಬಾಯಿ ಒಂದು ತುದಿಯಲ್ಲಿ, ಹೊರಹೋಗುವ ಬಾಯಿ ಎದುರು ತುದಿಯಲ್ಲಿ ಇರಲಿ. ಒಂದೇ ಮೂಲೆಯಲ್ಲಿ ಎರಡೂ ಇದ್ದರೆ ನೀರು ಗುಂಡಿಯನ್ನು ಮುಟ್ಟಿದಂತೆ ಮಾಡಿ ಹೊರಟುಹೋಗುತ್ತದೆ. ಹೊರಬಾಯಿ ಅಗಲವಾಗಿ, ಕಲ್ಲು ಹಾಸಿ ಇರಲಿ. ಪೈಪು ಹಾಕಿದರೆ ಗೇರು ಎಲೆ, ಅಕೇಶಿಯಾ ಎಲೆ ಸಿಕ್ಕಿ ಕಟ್ಟಿಕೊಳ್ಳುತ್ತದೆ.

ಗುಂಡಿ ಎಲ್ಲವನ್ನೂ ಹಿಡಿಯುತ್ತದೆ ಎಂದು ತಿಳಿಯಬೇಡಿ. ನಿಂತ ನೀರಿನಲ್ಲಿ 1.5 ಮೀಟರ್ ತಳ ಸೇರಲು ಮರಳಿನ ಕಣಕ್ಕೆ ಒಂದೆರಡು ನಿಮಿಷ ಸಾಕು. 0.02 ಮಿ.ಮೀ.ನ ನುಣುಪು ಹೂಳಿಗೆ ಒಂದು ಗಂಟೆಯ ಮೇಲೆ ಬೇಕು. 0.002 ಮಿ.ಮೀ.ನ ಜೇಡಿ ಕಣಕ್ಕೆ ಸುಮಾರು 5 ದಿನ. ಜುಲೈಯಲ್ಲಿ ನೀರು 5 ದಿನ ನಿಲ್ಲುವ ಗುಂಡಿ ನಮ್ಮ ಊರಲ್ಲಿ ಎಲ್ಲಿದೆ? ಶೇಡಿಯನ್ನು ತೆರೆಯದಿರುವುದೇ ಅದಕ್ಕೆ ಮದ್ದು. ತೆರೆದುಹೋಗಿದ್ದರೆ ಪತ್ತನಾಜೆಯೊಳಗೆ ಅದರ ಮೇಲೆ ಅರ್ಧ ಮೀಟರ್ ದಪ್ಪಕ್ಕೆ ಕೆಂಪುಕಲ್ಲಿನ ಚೂರು ಹಾಸಿ ಮುಚ್ಚಿ.

ಗುಂಡಿಯ ನಡುವೆ ಒಂದು ಬಿದಿರು ನೆಟ್ಟು ತಳದಿಂದ ಅರ್ಧ ಮೀಟರಿಗೆ ಕೆಂಪು ಗೆರೆ ಎಳೆಯಿರಿ. ಹೂಳು ಆ ಗೆರೆ ಮುಟ್ಟಿದ ವಾರವೇ ತೆಗೆಸಬೇಕು. ಮೂರರಲ್ಲೊಂದು ಪಾಲು ತುಂಬಿದ ಮೇಲೆ ಹೊಸ ನೀರು ಹಳೆ ಹೂಳನ್ನು ಕೆದಕಿ ಹೊರಗೆ ಒಯ್ಯುತ್ತದೆ. ತೆಗೆದ ಹೂಳನ್ನು ಗುಂಡಿಯ ದಂಡೆಯ ಮೇಲೇ ಹಾಕಿದರೆ ಮುಂದಿನ ಮಳೆಗೆ ಅದು ಮತ್ತೆ ಗುಂಡಿಯಲ್ಲಿರುತ್ತದೆ. ಚೂರಿನ ರಾಶಿಯ ಹಿಂದೆ ಒಯ್ದು ಹರಡಿ.

ಮಳೆ ಹಿಡಿದ ಮೇಲೆ

ಹೆಚ್ಚಿನ ಕೋರೆಗಳಲ್ಲಿ ಆಗ ಕತ್ತರಿಸುವ ಕೆಲಸ ನಿಂತಿರುತ್ತದೆ, ಆದರೆ ಹೊಣೆ ನಿಂತಿರುವುದಿಲ್ಲ. ವಾರಕ್ಕೆ ಎರಡು ಸಲ, ಮತ್ತು ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನದ ಮುನ್ನಾದಿನ, ಒಬ್ಬರು ಕಣಿ ಸುತ್ತಬೇಕು. 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಅದು ಅತ್ಯಧಿಕ ಮಳೆಯ ಲೆಕ್ಕ. ಕರಾವಳಿಗೆ ಅಂಥ ದಿನ ಹೊಸದಲ್ಲ. ಕತ್ತಿ, ಹಾರೆ, ನಾಲ್ಕು ಖಾಲಿ ಗೋಣಿಚೀಲ ಕೈಯಲ್ಲಿರಲಿ. ಎಲೆ ಕಟ್ಟಿದ ಕಡೆ ಬಿಡಿಸಿ, ದಂಡೆ ತೆಳುವಾದ ಕಡೆ ಚೀಲಕ್ಕೆ ಮಣ್ಣು ತುಂಬಿ ಇಡಿ. ಬದಿಯ ನೆತ್ತಿಯಲ್ಲಿ ಹೊಸ ಬಿರುಕು ಕಂಡರೆ ಕೆಳಗಿಳಿಯಬೇಡಿ, ಹಗ್ಗ ಕಟ್ಟಿ ಮೇಸ್ತ್ರಿಗೆ ತಿಳಿಸಿ.

ಕಲ್ಲು ಕಡಿದ ಗುಂಡಿಯ ನೀರು ಹೊರಹಾಕಲೇಬೇಕಾದರೆ ಪಂಪಿನ ಹೀರುಬಾಯಿಯನ್ನು ತಳಕ್ಕೆ ಬಿಡಬಾರದು. ಖಾಲಿ ಕ್ಯಾನಿಗೆ ಕಟ್ಟಿ ಮೇಲ್ಮಟ್ಟದಿಂದ ಅರ್ಧ ಮೀಟರ್ ಕೆಳಗೆ ತೇಲಿಸಿ. ಪೈಪಿನ ಇನ್ನೊಂದು ತುದಿ ಹೂಳುಗುಂಡಿಗೇ ಬೀಳಬೇಕು, ನೇರ ತೋಡಿಗಲ್ಲ. ಹೂಳುಗುಂಡಿಯ ನೀರು ತೋಡಿಗೆ ಸೇರುವ ಜಾಗದ ಮೇಲಿಂದ ಒಂದು, ಕೆಳಗಿಂದ ಒಂದು ಬಾಟಲಿ ತೋಡಿನ ನೀರು ಹಿಡಿದು ಬೆಳಕಿಗೆ ಎತ್ತಿ ನೋಡಿ. ಕೆಳಗಿನದ್ದು ಹೆಚ್ಚು ಕೆಂಪಾಗಿದ್ದರೆ ಪಂಪ್ ಬಂದ್. ಪ್ರಯೋಗಾಲಯದ ಮಿತಿ ಒಂದು ಲೀಟರಿನಲ್ಲಿ 100 ಮಿ.ಗ್ರಾಂ. ತೇಲುವ ಕಣ, ಎಣ್ಣೆ 10 ಮಿ.ಗ್ರಾಂ.; ಕೆಂಪುನೀರು ಎಂದು ಬರಿಗಣ್ಣಿಗೆ ಕಾಣುವ ಹೊತ್ತಿಗೆ ಅದು ಸಾಮಾನ್ಯವಾಗಿ ಮಿತಿ ದಾಟಿಯೇ ಇರುತ್ತದೆ.

ಹೂಳಿಗೆ ಇಷ್ಟು ಮಹತ್ವ ಯಾಕೆ ಎನ್ನುವವರಿಗೆ ಘಟ್ಟದ ಮೇಲಿನ ಉದಾಹರಣೆ ಸಾಕು. ಕುದುರೆಮುಖದ ಅದಿರು ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ ಆ ಗಣಿ 2005ರ ಕೊನೆಗೆ ನಿಂತಿತು. ಭದ್ರೆಗೆ ಸೇರುವ ಹೂಳು ಆ ಹೋರಾಟದ ದೊಡ್ಡ ವಾದಗಳಲ್ಲಿ ಒಂದು.

ಧೂಳು

ಜನವರಿಯಿಂದ ಮೇ ತನಕ ಇದರ ಸರದಿ. ಕೋರೆ ರಸ್ತೆ 300 ಮೀಟರ್ ಉದ್ದ, 5 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ ಅರ್ಧ ಲೀಟರಿನಂತೆ ಒಂದು ಸುತ್ತಿಗೆ 750 ಲೀಟರ್. 5,000 ಲೀಟರ್ ಟ್ಯಾಂಕರಿನಲ್ಲಿ ಆರು ಸುತ್ತು ಆಗುತ್ತದೆ. ಬೆಳಿಗ್ಗೆ ಮೊದಲ ಟಿಪ್ಪರಿಗೆ ಮುಂಚೆ ಒಂದು, ಆಮೇಲೆ ಎರಡು ಗಂಟೆಗೊಂದು. ಒಮ್ಮೆಲೇ ಹೆಚ್ಚು ಸುರಿದು ಮುಗಿಸುವ ಸೋಮಾರಿತನ ಬೇಡ. ಕೆಂಪುಮಣ್ಣು ಕೆಸರಾಗಿ ಚಕ್ರಕ್ಕೆ ಅಂಟಿ ಪಂಚಾಯತ್ ರಸ್ತೆಗೆ ಹೋಗುತ್ತದೆ, ಅಲ್ಲಿ ಒಣಗಿ ಅಂಗಡಿ, ಶಾಲೆಯ ಮುಂದೆ ಧೂಳಾಗಿ ಏಳುತ್ತದೆ. ಹೊರಬಾಗಿಲಿಗೆ 15 ಮೀಟರ್ ಉದ್ದಕ್ಕೆ ದಪ್ಪ ಜಲ್ಲಿ ಹಾಸಿದರೆ ಚಕ್ರದ ಮಣ್ಣು ಅಲ್ಲೇ ಉದುರುತ್ತದೆ. ವೇಗ ಗಂಟೆಗೆ 20 ಕಿ.ಮೀ., ಹೊರೆಗೆ ಟಾರ್ಪಾಲ್, ಟಾರ್ಪಾಲಿಗೆ ಹಗ್ಗ. ನೀರು ಹೂಳುಗುಂಡಿಯದ್ದೇ ಬಳಸಿ, ಆದರೆ ಬಟ್ಟೆ ಫಿಲ್ಟರ್ ಹಾಕಿ. ಇಲ್ಲದಿದ್ದರೆ ನಾಝಲ್ ಎರಡು ದಿನಕ್ಕೆ ಕಟ್ಟುತ್ತದೆ. ಏಪ್ರಿಲ್‌ನಲ್ಲಿ ಪಕ್ಕದ ಬಾವಿಯಿಂದ ಎತ್ತಿ ರಸ್ತೆಗೆ ಸುರಿಯುವುದು ಊರವರ ಜಗಳಕ್ಕೆ ದಾರಿ, ನ್ಯಾಯವೂ ಅಲ್ಲ.

ಕಗ್ಗಲ್ಲು ಕೋರೆ, ಕ್ರಷರ್‌ನ ಧೂಳು ಬೇರೆ ಜಾತಿಯದ್ದು. ಅದರಲ್ಲಿ ಸಿಲಿಕಾ ಇದೆ, ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ವಾಸಿಯಾಗುವ ಕಾಯಿಲೆ ಅಲ್ಲ. ಡ್ರಿಲ್ಲಿಂಗ್ ನೀರು ಹಾಯಿಸಿಯೇ ಮಾಡಬೇಕು. ಕ್ರಷರ್ ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದರೆ ತೇಲುಕಣ ಘನ ಮೀಟರಿಗೆ 600 ಮೈಕ್ರೋಗ್ರಾಂ ದಾಟಬಾರದು. ಬೆಲ್ಟಿನ ಶೀಟು ಬಿಚ್ಚಿಟ್ಟು ಓಡಿಸುವ ದಿನ ಈ ಮಿತಿಯ ಮಾತೇ ಇಲ್ಲ. ಬೈರಾಸು (ಹೆಗಲ ಟವೆಲ್) ಮುಖಕ್ಕೆ ಸುತ್ತಿಕೊಂಡರೆ ಕಣ್ಣಿಗೆ ಕಾಣುವ ಧೂಳು ಮಾತ್ರ ನಿಲ್ಲುತ್ತದೆ. ಎನ್‌95 ಮಾಸ್ಕ್ ಕೇಳಿ ಪಡೆಯಿರಿ.

ಸಿಡಿತ

ಕೆಂಪುಕಲ್ಲಿಗೆ ಇದು ಬೇಡ. ಕಗ್ಗಲ್ಲು ಕೋರೆಯಲ್ಲಿ ಮದ್ದು ಮುಟ್ಟುವುದು ಪರವಾನಗಿ ಇರುವ ಬ್ಲಾಸ್ಟರ್ ಮಾತ್ರ. ಉಳಿದವರಿಗೆ ತಿಳಿದಿರಬೇಕಾದ ಒಂದು ವಿಷಯ: ನೀರು ನಿಂತ ತೂತಿಗೆ ಅಮೋನಿಯಂ ನೈಟ್ರೇಟ್ ಮತ್ತು ಡೀಸೆಲ್ ಮಿಶ್ರಣ ಸುರಿದರೆ ಅದು ಕರಗಿ ಅಂತರ್ಜಲಕ್ಕೆ ನೈಟ್ರೇಟ್ ಆಗಿ ಇಳಿಯುತ್ತದೆ, ಉಳಿದದ್ದು ಅರೆಬರೆ ಸಿಡಿದು ಕಿತ್ತಳೆ ಬಣ್ಣದ ವಿಷದ ಹೊಗೆ ಏಳುತ್ತದೆ. ಒದ್ದೆ ತೂತಿಗೆ ಎಮಲ್ಷನ್, ಅಂದರೆ ನೀರಿಗೆ ಕರಗದ ಸಿಡಿಮದ್ದು, ಬೇಕು. ಚೆಲ್ಲಿದ ಹರಳನ್ನು ಗುಡಿಸಿ ಎತ್ತಬೇಕು, ನೀರು ಹಾಕಿ ತೊಳೆಯಬಾರದು. ಪಕ್ಕದ ಮನೆಯ ಬಳಿ ಅಳೆದ ಕಂಪನ, 8 ಹರ್ಟ್ಸ್‌ಗಿಂತ ಕೆಳಗಿದ್ದರೆ, ಸೆಕೆಂಡಿಗೆ 5 ಮಿ.ಮೀ. ಒಳಗಿರಬೇಕು.

ಡೀಸೆಲ್, ಹಳೆ ಆಯಿಲ್

ಕೆಂಪುಕಲ್ಲು ಸೋಸುವ ಕಲ್ಲಲ್ಲ, ತೂತಿನ ಕಲ್ಲು. ಇಲ್ಲಿ ಚೆಲ್ಲಿದ ಆಯಿಲ್ ಬೇಗನೆ ಕೆಳಗಿನ ಮನೆಯ ಬಾವಿಯ ದಾರಿ ಹಿಡಿಯುತ್ತದೆ. ಬ್ಯಾರೆಲ್‌ಗಳನ್ನು ಕಾಂಕ್ರೀಟ್ ನೆಲ, ಸುತ್ತು ಕಟ್ಟೆ ಇರುವಲ್ಲಿ ಇಡಿ. ಕಟ್ಟೆಯೊಳಗೆ ಅತಿ ದೊಡ್ಡ ಬ್ಯಾರೆಲಿನ 110 ಶೇಕಡಾ ಹಿಡಿಸಬೇಕು, 200 ಲೀಟರಿಗೆ 220. ನಮ್ಮ ಮಳೆಗೆ ಮಾಡು (ಚಾವಣಿ) ಇಲ್ಲದ ಕಟ್ಟೆ ನಿಷ್ಪ್ರಯೋಜಕ: 20 ಸೆಂ.ಮೀ. ಎತ್ತರದ ಕಟ್ಟೆ ಒಂದು ಜೋರು ದಿನಕ್ಕೆ ತುಂಬಿ, ಮೇಲೆ ತೇಲುವ ಆಯಿಲೇ ಮೊದಲು ಹೊರಹರಿಯುತ್ತದೆ.

ಚೆಲ್ಲಿದರೆ ಮೊದಲು ಸೋರುವ ಜಾಗ ಬಂದ್ ಮಾಡಿ, ಕಣಿಯ ಕಡೆಗೆ ಮಣ್ಣಿನ ಒಡ್ಡು ಹಾಕಿ, ಮರದ ಪುಡಿ ಅಥವಾ ತೆಂಗಿನ ನಾರಿನ ಪುಡಿ ಸುರಿದು ಹೀರಿಸಿ. ಆಮೇಲೆ ಒದ್ದೆಯಾದ ಮಣ್ಣು ಸಮೇತ ಕೆರೆದು ದಪ್ಪ ಚೀಲಕ್ಕೆ ತುಂಬಿ, ದಿನಾಂಕ ಬರೆದು ಶೆಡ್ಡಿನಲ್ಲಿಡಿ. ಸೋಪುನೀರು ಹಾಕಿ ತೊಳೆದರೆ ಕಲೆ ಹೋದಂತೆ ಕಾಣುತ್ತದೆ, ಆಯಿಲ್ ಇನ್ನೂ ಆಳಕ್ಕೆ ಹೋಗಿರುತ್ತದೆ. ಹಳೆ ಆಯಿಲ್ ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ. 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕ್ಯಾನಿನಲ್ಲಿ ಒಯ್ಯುವ ರೂಢಿ ಬಿಡಬೇಕು.

ಮುಗಿದ ಭಾಗ ಮುಚ್ಚುವುದು

ಇಡೀ ಕೋರೆ ಮುಗಿಯಲಿ ಎಂದು ಕಾಯಬೇಡಿ. ಕೆಲಸ ಮುಗಿದ ಮೂಲೆಯಿಂದಲೇ ಶುರು ಮಾಡಿ. ತಳಕ್ಕೆ ದಪ್ಪ ಚೂರು, ಮೇಲೆ ಸಣ್ಣ ಚೂರು, ಕೊನೆಗೆ ತೆಗೆದಿಟ್ಟ ಮೇಲ್ಮಣ್ಣು. ಗಿಡದ ಗುಂಡಿ ಉದ್ದ, ಅಗಲ, ಆಳ ಮೂರೂ 60 ಸೆಂ.ಮೀ. ಇರಲಿ. ಗಟ್ಟಿ ಪಾರೆಯಲ್ಲಿ ತೆಗೆದ ಗುಂಡಿ ಮಡಕೆಯಂತೆ ನೀರು ಹಿಡಿದು ಗಿಡದ ಬೇರು ಕೊಳೆಸುತ್ತದೆ. ತಗ್ಗಿನ ಬದಿಗೆ ಕಂಬಿಯಿಂದ ಒಂದು ತೂತು ಹೊಡೆದು ನೀರು ಬಸಿಯಲು ದಾರಿ ಮಾಡಿ. ಮೂರು ಮೀಟರಿಗೊಂದರಂತೆ ಎಕರೆಗೆ 450 ಗಿಡ ಹಿಡಿಯುತ್ತದೆ. ಗೇರು, ಮುರುಗಲು, ಕಾಡುಮಾವು, ನೇರಳೆ, ಹೊಂಗೆ ನೆಡಿ. ಬೇಗ ಹಸಿರು ಕಾಣಬೇಕೆಂದು ಅಕೇಶಿಯಾ ತುಂಬುವುದು ಫೋಟೋಗೆ ಒಳ್ಳೆಯದು, ಅದರಡಿ ಬೇರೇನೂ ಏಳುವುದಿಲ್ಲ. ಜೂನ್ ಮೊದಲ ವಾರ ನೆಟ್ಟು, ಎರಡು ಬೇಸಿಗೆ ನೀರು ಕೊಡಬೇಕು.

ನೀರು ನಿಲ್ಲಿಸಿ ಬಿಡುವ ಗುಂಡಿಗೆ ಎದೆಮಟ್ಟದ ಗಟ್ಟಿ ಬೇಲಿ ಬೇಕು, ಒಂದು ಬದಿ ಇಳಿಜಾರಾಗಿ ಹತ್ತಿ ಬರುವಂತಿರಬೇಕು. ನೆಟ್ಟಗೆ ಕಡಿದ ನುಣುಪು ಗೋಡೆಯ ಗುಂಡಿಗೆ ಬಿದ್ದ ಮಗುವಾಗಲಿ ದನವಾಗಲಿ ಈಜು ಬಂದರೂ ಮೇಲೆ ಬರಲಾರದು. ಬೋರ್ಡು ಕನ್ನಡದಲ್ಲಿರಲಿ, ಕೆಲಸಗಾರರಲ್ಲಿ ಉತ್ತರದವರಿದ್ದರೆ ಹಿಂದಿಯಲ್ಲೂ, ಜೊತೆಗೆ ಓದಲು ಬಾರದವರಿಗೆ ಒಂದು ಚಿತ್ರ.

ಯಾರಿಗೆ ಹೇಳಬೇಕು

ಮೊದಲು ಮೇಸ್ತ್ರಿ, ಆಮೇಲೆ ಮ್ಯಾನೇಜರ್. ಬಾಯಲ್ಲಿ ಹೇಳಿದ್ದು ಮಳೆನೀರಿನಂತೆ ಹರಿದುಹೋಗುತ್ತದೆ. 200 ಪುಟದ ನೋಟ್‌ಬುಕ್ಕೊಂದನ್ನು ಶೆಡ್ಡಿನಲ್ಲಿ ತೂಗುಹಾಕಿ ದಿನಾಂಕ, ಜಾಗ, ಕಂಡದ್ದು, ಹೇಳಿದ್ದು ಯಾರಿಗೆ ಎಂದು ನಾಲ್ಕು ಗೆರೆ ಬರೆಯಿರಿ. ಅಲ್ಲಿ ಕೆಲಸ ಆಗದಿದ್ದರೆ ನೀರು, ಧೂಳು, ಸದ್ದಿನ ದೂರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಮಂಗಳೂರು, ಉಡುಪಿ ಎರಡಕ್ಕೂ ಪ್ರಾದೇಶಿಕ ಕಚೇರಿಗಳಿವೆ. ಗಡಿ, ಆಳ, ಪರವಾನಗಿಯ ವಿಷಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ. ದೂರಿಗೆ ಎರಡು ಬಾಟಲಿಯ ಫೋಟೋ ಒಂದೇ ಚೌಕಟ್ಟಿನಲ್ಲಿ ಇರಲಿ, ಹಿಂದೆ ತೋಡು ಕಾಣಲಿ, ಫೋನಿನಲ್ಲಿ ಸಮಯ ಮತ್ತು ಜಾಗದ ಗುರುತು ಆನ್ ಇರಲಿ. ಮಳೆ ನಿಂತು ಅರ್ಧ ಗಂಟೆ ಕಳೆದರೆ ತೋಡು ಮತ್ತೆ ತಿಳಿಯಾಗತೊಡಗುತ್ತದೆ. ಫೋಟೋ ಅದಕ್ಕೆ ಮುಂಚೆ ತೆಗೆಯಿರಿ.